ಛತ್ರಿಯಿಲ್ಲದ ಕಾಶಿಯಾತ್ರೆ

ಮದುವೆಯ ದಿನ ನಾನು ಪಂಚೆ ಉಟ್ಟು, ಛತ್ರಿ ಹಿಡಿದು, ಕಂಕುಳಲ್ಲಿ ಒಂದು ಪುಸ್ತಕ ಇರುಕಿಸಿಕೊಂಡು ಕಾಶಿಗೆ ಹೊರಟಿದ್ದೆ. ಛತ್ರದ ಬಾಗಿಲು ದಾಟುವ ಮುಂಚೆಯೇ ಭಾಮೈದ ಅಡ್ಡ ನಿಂತು, ಅಂಗಲಾಚಿ, ಅಕ್ಕನನ್ನು ಕೊಡುತ್ತೇವೆ ಬನ್ನಿ ಎಂದು ವಾಪಸ್ ಕರೆತಂದ. ಈ ಸಲ ಮೇ ತಿಂಗಳಲ್ಲಿ ಹೆಂಡತಿ, ಎಂಟು ವರ್ಷದ ಮಗ, ನಾಲ್ಕು ವರ್ಷದ ಮಗಳು, ಎಪ್ಪತ್ತೆರಡರ ಅಮ್ಮ ಎಲ್ಲರನ್ನೂ ಹೊಸ ಕಾರಿಗೆ ತುಂಬಿಕೊಂಡು ನಿಜವಾಗಿಯೇ ಕಾಶಿಗೆ ಹೊರಟರೆ ಅದೇ ಭಾಮೈದ, "ಹೋಗ್ಬನ್ನಿ ಭಾವ, ಗಂಗಾಜಲ ಮರೀಬೇಡಿ" ಅಂದು ಗೇಟು ಹಾಕಿಕೊಂಡ. ಅವನು ತಡೆಯಬೇಕಿದ್ದದ್ದು ಈ ಸಲ.

ಹೊರಡುವ ಮೊದಲು ಹೆಂಡತಿ, ಸಂಘಮಿತ್ರ ಎಕ್ಸ್‌ಪ್ರೆಸ್ ರೈಲು ಇದೆ ಅಂದಳು. ವಿಮಾನವೂ ಇದೆ ಅಂದಳು. ನಾನು ಸೋಫಾದ ಮೇಲೆ ಕೂತು ಭಾಷಣ ಮಾಡಿದೆ: ವಿಮಾನದಲ್ಲಿ ಮೋಡ ಕಾಣುತ್ತದೆ, ದೇಶ ಕಾಣುವುದಿಲ್ಲ, ಮಕ್ಕಳು ಭಾರತ ನೋಡಬೇಕು. ಮೇಲಿನ ಮನೆಯವರು ಲೇಹ್‌ಗೆ ಕಾರಲ್ಲೇ ಹೋಗಿ ದಿನಕ್ಕೆ ನಲವತ್ತು ಸ್ಟೇಟಸ್ ಹಾಕಿದ್ದು ಈ ದೇಶಪ್ರೇಮಕ್ಕೆ ಕಾರಣ ಎಂಬುದನ್ನು ಭಾಷಣದಲ್ಲಿ ಸೇರಿಸಲಿಲ್ಲ. ಬದಲಿಗೆ ಇತಿಹಾಸ ಹೇಳಿದೆ. ಹಳೆಯ ರಾಷ್ಟ್ರೀಯ ಹೆದ್ದಾರಿ 7 ಶುರುವಾಗುತ್ತಿದ್ದದ್ದೇ ಕಾಶಿಯಲ್ಲಿ. ನಮ್ಮ ಬೆಂಗಳೂರನ್ನು ಹಾದು ಕನ್ಯಾಕುಮಾರಿಗೆ ಹೋಗುತ್ತಿತ್ತು, ಒಟ್ಟು 2,369 ಕಿಲೋಮೀಟರ್. 2010ರಲ್ಲಿ ಹೆದ್ದಾರಿಗಳ ನಂಬರ್ ಬದಲಾಯಿಸಿದಾಗ ನಮ್ಮ ಕಡೆಯ ಭಾಗ 44 ಆಯಿತು. ನಮ್ಮ ಪಾಲಿಗೆ ಸುಮಾರು 1,800 ಕಿಲೋಮೀಟರ್. ಮೊಬೈಲಿನ ಮ್ಯಾಪು ಅದಕ್ಕೆ ಗಂಟೆ ನಿಮಿಷದ ಲೆಕ್ಕ ಕೊಟ್ಟಿತು. ಪಾಪ, ಆ ಮ್ಯಾಪಿಗೆ ಮಕ್ಕಳಿಲ್ಲ.

"ಇನ್ನೂ ಎಷ್ಟು ದೂರ?" ಎಂಬ ಪ್ರಶ್ನೆ ದೇವನಹಳ್ಳಿಯಲ್ಲಿ ಬಂತು. ಮೊದಲ ವಾಂತಿ ಬಾಗೇಪಲ್ಲಿಯಲ್ಲಿ.

ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಬೆಲ್ಟೋ ಮಕ್ಕಳ ಸೀಟೋ ಇಲ್ಲದೆ ಕೂರಿಸಿದರೆ 2019ರ ತಿದ್ದುಪಡಿ ಕಾಯ್ದೆ ಪ್ರಕಾರ 1,000 ರೂಪಾಯಿ ದಂಡ. ನಾನು ಕಾನೂನು ಪಾಲಿಸುವ ಮನುಷ್ಯ, ದುಬಾರಿ ಸೀಟು ತಂದಿದ್ದೆ. ಮಗಳು ಅದರಲ್ಲಿ ಹತ್ತು ನಿಮಿಷ ಕೂತು ಅಜ್ಜಿಯ ತೊಡೆಗೆ ಬಡ್ತಿ ಪಡೆದಳು. ನಾನು ಗೊಣಗಿದ್ದಕ್ಕೆ ಅಮ್ಮ, "ನಿನ್ನ ಸೊಂಟದ ಮೇಲೆ ಹೊತ್ಕೊಂಡು ತಿಪಟೂರು ಬಸ್ಸಲ್ಲಿ ನಿಂತೇ ಹೋಗಿದೀನಿ ಕಣೋ, ನೀನೇನು ಉದುರಿ ಹೋದ್ಯಾ?" ಅಂದರು. ಖಾಲಿ ಸೀಟಿಗೆ ಕೋಡುಬಳೆ ಡಬ್ಬ ಇಟ್ಟು ಬೆಲ್ಟು ಹಾಕಿದೆವು. ಕಾಶಿ ಮುಟ್ಟುವವರೆಗೆ ಒಂದು ಕೋಡುಬಳೆಯೂ ಮುರಿಯಲಿಲ್ಲ. ಕಾನೂನಿನಲ್ಲಿ ಅರ್ಥವಿದೆ.

ಭಾರತ ತೋರಿಸುವ ಕೆಲಸವನ್ನು ನದಿಗಳಿಂದ ಶುರು ಮಾಡಿದೆ. ಕರ್ನೂಲಿನ ಸೇತುವೆ ಮೇಲೆ, "ನೋಡೋ, ತುಂಗಭದ್ರೆ! ನಮ್ಮ ಕಡೆಯಿಂದಲೇ ಹರಿದು ಬಂದಿರೋದು!" ಎಂದು ಕೂಗಿದೆ. ಮಗ ಟ್ಯಾಬಿನಿಂದ ತಲೆ ಎತ್ತಿ, ಬಂಡೆ, ಮರಳು, ಮೂಲೆಯಲ್ಲೊಂದು ಹೊಂಡ ನೋಡಿ, "ಇಲ್ಲಿ ಕ್ರಿಕೆಟ್ ಆಡಬಹುದು" ಅಂದ. ಕೃಷ್ಣೆ ಬಂದಾಗ ಅವನು ನಿದ್ದೆ. ನಿರ್ಮಲ್ ಹತ್ತಿರ ಗೋದಾವರಿ ಬಂದಾಗ ಜಗಳ: ಕಿಟಕಿ ಸೀಟು ಯಾರದ್ದು ಅಂತ. ಆ ಕಿಟಕಿಯ ಹೊರಗೆ ಇಬ್ಬರೂ ನೋಡುತ್ತಿರಲಿಲ್ಲ ಎಂಬುದು ಬೇರೆ ಮಾತು. ಪೈನ್‌ಗಂಗಾ ದಾಟಿದ್ದು ನನಗೇ ತಿಳಿಯಲಿಲ್ಲ, ನಾನಾಗ ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದರಲ್ಲಿ ವಾಂತಿ ಕವರು ಹಿಡಿದಿದ್ದೆ. ಊರುಗಳಂತೂ ಸಿಗಲೇ ಇಲ್ಲ. ಎಲ್ಲ ಊರಿಗೂ ಬೈಪಾಸು. ಅನಂತಪುರ ಒಂದು ಹಸಿರು ಬೋರ್ಡು, ಆದಿಲಾಬಾದ್ ಇನ್ನೊಂದು ಹಸಿರು ಬೋರ್ಡು. ಆರು ರಾಜ್ಯಗಳಲ್ಲಿ ನನ್ನ ಮಕ್ಕಳು ತಿಂದದ್ದು ಒಂದೇ ಕಂಪನಿಯ ಚಿಪ್ಸು.

ಟೋಲಿಗೆ ವಾರ್ಷಿಕ ಪಾಸು ಮಾಡಿಸಿದ್ದೆ. ಒಮ್ಮೆ ಹಣ ಕಟ್ಟಿದರೆ 200 ಟೋಲು, ಅಥವಾ ಒಂದು ವರ್ಷ. ಗೇಟು ತಾನಾಗಿ ಏಳುತ್ತದೆ, ಕಾರು ನಿಲ್ಲುವಂತಿಲ್ಲ. ಗೇಟು ದಾಟಿದ ಮರುಕ್ಷಣ ಹಿಂದಿನಿಂದ ದನಿ: "ಅಪ್ಪಾ, ಒಂದಕ್ಕೆ." ಟೋಲಿನ ಪಕ್ಕ ಶೌಚಾಲಯ ಅಂತ ಬರೆದ ಕಟ್ಟಡ ಇರುತ್ತದೆ, ಬಾಗಿಲಿಗೆ ಬೀಗವೂ ಇರುತ್ತದೆ. ಬೀಗ ಇಲ್ಲದ ಕಡೆ ನೀರಿಲ್ಲ. ಎರಡೂ ಸರಿಯಿದ್ದ ಒಂದು ಢಾಬಾದಲ್ಲಿ ಗೋಡೆ ಮೇಲೆ ಅಂಗೈ ಉದ್ದದ ಹಲ್ಲಿ ಇತ್ತು. ಮಗಳು ಒಳಗೆ ಹೋಗಲೊಲ್ಲೆ ಎಂದಳು, ಮಗ ಹೊರಗೆ ಬರಲೊಲ್ಲೆ ಎಂದ. ಯಾತ್ರೆಯಲ್ಲಿ ಅವನು ಪೂರ್ತಿ ಮನಸ್ಸಿಟ್ಟು ನೋಡಿದ ವನ್ಯಜೀವಿ ಅದೊಂದೇ.

ನಾಗಪುರದಲ್ಲಿ ಬಿಸಿಲು 44 ಡಿಗ್ರಿ. ಬ್ರಿಟಿಷರು ನೆಟ್ಟ ಜೀರೋ ಮೈಲ್ ಕಂಬದ ಮುಂದೆ ನಿಲ್ಲಿಸಿ ಫೋಟೋ ತೆಗೆದೆ. ಎಲ್ಲರೂ ಕಣ್ಣು ಮುಚ್ಚಿದ್ದಾರೆ. ಅಲ್ಲಿಂದ ಮುಂದೆ ಪೆಂಚ್ ಕಾಡು. ಕಾಡುಪ್ರಾಣಿ ಪ್ರೇಮಿಗಳು ಕೋರ್ಟಿಗೆ ಹೋಗಿ ಹಟ ಹಿಡಿದ ಮೇಲೆ ಇಲ್ಲಿ 9 ಕಡೆ ಪ್ರಾಣಿಗಳು ಕೆಳಗೆ ಹಾದುಹೋಗುವಂತೆ ರಸ್ತೆಯನ್ನೇ ಕಂಬಗಳ ಮೇಲೆ ಎತ್ತಿದ್ದಾರೆ. ಹುಲಿಗಳು ಅಡಿಯಲ್ಲಿ ಓಡಾಡಿದ್ದು ಕ್ಯಾಮೆರಾದಲ್ಲಿ ದಾಖಲಾಗಿದೆ. ನಾನು ಇದನ್ನೆಲ್ಲ ಹೆಮ್ಮೆಯಿಂದ ವಿವರಿಸುತ್ತಿರುವಾಗ ಮಗಳು ಎರಡೂ ಮೊಣಕಾಲು ಜೋಡಿಸಿಕೊಂಡು, "ಅಪ್ಪಾ, ಹುಲಿ ಎಲ್ಲಿ ಒಂದಕ್ಕೆ ಹೋಗತ್ತೆ?" ಅಂದಳು. ಎಲ್ಲಿ ಬೇಕಾದರೂ ಹೋಗುತ್ತದೆ ಮಗಳೇ, ಅದರ ಪರವಾಗಿ ವಕೀಲರಿದ್ದಾರೆ.

ನಾಲ್ಕನೆಯ ಸಂಜೆ ಕಾಶಿ. ಊರು ನಮ್ಮ ಹೊಸ ಕಾರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಎಲ್ಲೋ ದೂರದ ಪಾರ್ಕಿಂಗಿನಲ್ಲಿ ನಿಲ್ಲಿಸಿ ಇ-ರಿಕ್ಷಾ ಹತ್ತಿದೆವು. ಗೊದೌಲಿಯಾ ತಲುಪುವವರೆಗೆ ಅದು ಕುಲುಕುತ್ತ, ಹಸುವಿಗೆ ದಾರಿ ಬಿಡುತ್ತ, ಜಿಲೇಬಿ ಬಾಣಲೆಗೆ ಉಜ್ಜಿಕೊಳ್ಳುತ್ತ ಹೋಯಿತು. ಮಕ್ಕಳು ಹೊರಗೆ ಕತ್ತು ಚಾಚಿ ಕಿರುಚಿ ನಕ್ಕರು. ಯಾರಿಗೂ ವಾಂತಿ ಬರಲಿಲ್ಲ, ಎಷ್ಟು ದೂರ ಅಂತ ಯಾರೂ ಕೇಳಲಿಲ್ಲ. ಇಳಿದ ಮೇಲೆ ಮಗ, "ಇದರಲ್ಲೇ ಬೆಂಗಳೂರಿಗೆ ಹೋಗಣ" ಅಂದ. ಕಾರಿಗೆ ಇನ್ನೂ ಐವತ್ತೆಂಟು ಕಂತು ಬಾಕಿ ಇದೆ.

ಬೆಳಿಗ್ಗೆ ಗಂಗೆಯಲ್ಲಿ ಮುಳುಗೆದ್ದ ಮೇಲೆ ಅಮ್ಮ ಎಲ್ಲರನ್ನೂ ಮೆಟ್ಟಿಲ ಮೇಲೆ ಸಾಲಾಗಿ ಕೂರಿಸಿದರು. ಕಾಶಿಗೆ ಬಂದವರು ಇಷ್ಟವಾದದ್ದು ಒಂದನ್ನು ಬಿಟ್ಟು ಹೋಗಬೇಕಲ್ಲ. ಅಮ್ಮ ಕಣ್ಣು ಮುಚ್ಚಿ ಭಕ್ತಿಯಿಂದ ಹಾಗಲಕಾಯಿ ಬಿಟ್ಟರು. ಹೆಂಡತಿ ನನ್ನ ಕಡೆ ಒಮ್ಮೆ ನೋಡಿ, ಏನೋ ಯೋಚಿಸಿ, ಕೊನೆಗೆ ಸೀಬೆಹಣ್ಣು ಅಂದಳು. ಮಗನ ಸರದಿ ಬಂತು.

"ನಾನು ಕಾರು ಬಿಟ್ಟೆ."

"ಇಷ್ಟವಾದದ್ದನ್ನ ಬಿಡಬೇಕು ಪುಟ್ಟ, ಬೇಡವಾದದ್ದನ್ನಲ್ಲ" ಅಂದರು ಅಮ್ಮ.

"ನೀನು ಹಾಗಲಕಾಯಿ ಬಿಟ್ಟೆಯಲ್ಲಜ್ಜಿ?"