ರಿಲೇ ರಾಯರು

ಬೆಂಗಳೂರಿನ ಅಪಾರ್ಟ್‌ಮೆಂಟ್ ಅಂದಮೇಲೆ ಬೇಸ್‌ಮೆಂಟಿನಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಕೆಲಸದಿಂದ ನಿವೃತ್ತರಾಗಿರುತ್ತಾರೆ, ಸ್ಕ್ರೂಡ್ರೈವರಿನಿಂದ ಆಗಿರುವುದಿಲ್ಲ. ಜೇಬಲ್ಲಿ ಮಲ್ಟಿಮೀಟರ್, ಮಣಿಕಟ್ಟಿಗೆ ಬಳೆಯಂತೆ ಇನ್ಸುಲೇಷನ್ ಟೇಪು. ಎಸ್‌ಪಿ ರಸ್ತೆಗೆ ವೈರು ತರಲು ಹೋದವರು ಜೆಸಿ ರಸ್ತೆಯಿಂದ ಹಾರ್ನು ಹಿಡಿದು ವಾಪಸಾಗುತ್ತಾರೆ. ನಮ್ಮ ಜಕ್ಕೂರಿನ ಪ್ರತಿನಿಧಿಗೆ ನಾವಿಟ್ಟ ಹೆಸರು ರಿಲೇ ರಾಯರು.

ರಾಯರು ಮನುಷ್ಯರ ಮಾತಿಗೆ ಅಷ್ಟಾಗಿ ಕಿವಿಗೊಡುವುದಿಲ್ಲ. ಗಾಡಿಯ ಸದ್ದಿಗೆ ಮಾತ್ರ ಮೈಯೆಲ್ಲ ಕಿವಿ. ಇಲ್ಲಿರುವ ವೈಮಾನಿಕ ಶಾಲೆಯ ತರಬೇತಿ ವಿಮಾನ ತಲೆಯ ಮೇಲೆ ಹಾದರೆ, "ಅದರಲ್ಲೂ ಬ್ಯಾಟರಿ ಜೋಡಿಸೋದು ರಿಲೇನೇ" ಎಂದು ಮನೆಮಗನ ಬಗ್ಗೆ ಹೇಳುವಂತೆ ಹೇಳುತ್ತಾರೆ.

ಒಂದು ಭಾನುವಾರ ಅವರ ಕಿವಿಗೆ ನನ್ನ ಕಾರು ಬಿತ್ತು.

"ಸ್ವಾಮಿ, ನಿಮ್ಮ ಎಡಗಡೆ ಗ್ಲಾಸು ಅಳ್ತಾ ಇದೆ."

"ಹಳೇ ಗಾಡಿ ಅಲ್ವೇ ರಾಯರೇ, ನಿಧಾನಕ್ಕೆ ಏರುತ್ತೆ."

"ಏರುತ್ತೆ ಅಂತೀರಲ್ಲ! ವೋಲ್ಟೇಜ್ ಡ್ರಾಪು ಸ್ವಾಮಿ ಅದು. ಸಾಹೇಬ ಅನ್ನೋನು ರುಜು ಹಾಕಬೇಕು, ಮೂಟೆ ಹೊರಬಾರದು. ನಿಮ್ಮ ಗಾಡೀಲಿ ಸ್ವಿಚ್ಚೇ ಮೂಟೆ ಹೊರ್ತಿದೆ."

ಮಾತು ಸುಳ್ಳಲ್ಲ. ಹಳೆಯ ಕಾರುಗಳಲ್ಲಿ ಮೋಟಾರು ಎಳೆಯುವ 5–10 ಆಂಪಿಯರ್ ಕರೆಂಟ್ ಪೂರ್ತಿ ಆ ಪುಟ್ಟ ಸ್ವಿಚ್ಚಿನ ಮೂಲಕ, ಸಣಕಲು ವೈರಿನಲ್ಲಿ ಸುತ್ತಿ ಬರಬೇಕು. ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟು ಸುಟ್ಟು ಕಪ್ಪಾದಷ್ಟೂ ಮೋಟಾರಿಗೆ ಸಿಗುವ ವೋಲ್ಟು ಕಡಿಮೆ. ರಿಲೇ, ಅಂದರೆ ಸಣ್ಣ ಕರೆಂಟಿನ ಅಪ್ಪಣೆಗೆ ದೊಡ್ಡ ಕರೆಂಟ್ ಹರಿಸುವ ಸಾಧನ, ಹಾಕಿದರೆ ಸ್ವಿಚ್ಚಿಗೆ ಬರೀ ಅಪ್ಪಣೆ ಕೊಡುವ ಕೆಲಸ. ದಪ್ಪ ವೈರು ಬ್ಯಾಟರಿಯಿಂದ ರಿಲೇ ದಾಟಿ ಮೋಟಾರಿಗೆ. ಒಂದು ಕಿಟಕಿಗೆ ಎರಡು ರಿಲೇ. ಸುಮ್ಮನಿದ್ದಾಗ ಮೋಟಾರಿನ ಎರಡೂ ವೈರು ರಿಲೇಗಳ 87ಎ ಪಿನ್ನಿನ ಮೂಲಕ ಅರ್ತ್‌ಗೆ. ಒಂದು ರಿಲೇ ಎಳೆದರೆ ಗಾಜು ಮೇಲೆ, ಇನ್ನೊಂದು ಎಳೆದರೆ ಕೆಳಗೆ. ಇಷ್ಟನ್ನು ರಾಯರು ಕಾರಿನ ಬಾನೆಟ್ಟಿನ ಧೂಳಿನ ಮೇಲೆ ಬೆರಳಲ್ಲಿ ಚಿತ್ರ ಬರೆದು ವಿವರಿಸಿದರು. ಆ ಚಿತ್ರಕ್ಕಾಗಿ ಕಾರು ತೊಳೆಸುವುದು ಮುಂದೆ ಹೋಯಿತು.

ರಾಯರು ಕೆಲಸಕ್ಕೆ ಕೈಹಾಕಿದ ದಿನ, ಯಲಹಂಕದ ಮದುವೆಗೆಂದು ಮನೆಯವಳು ರೇಷ್ಮೆ ಸೀರೆಯುಟ್ಟು ಕೆಳಗಿಳಿದಾಗ ಕಾರಿನ ಬಾಗಿಲ ಪ್ಯಾಡು ನೆಲದ ಮೇಲಿತ್ತು, ಕ್ಲಿಪ್ಪುಗಳು ರಾಯರ ಬಾಯಲ್ಲಿದ್ದವು. "ಹತ್ತೇ ನಿಮಿಷ ಕಣಮ್ಮಾ" ಅಂದರು. ನಾವು ಆಟೋದಲ್ಲಿ ಹೋದೆವು. ಉಂಡು, ತಾಂಬೂಲ ಹಿಡಿದು ಬಂದರೂ ಆ ಹತ್ತು ನಿಮಿಷ ಮುಗಿದಿರಲಿಲ್ಲ. ಕೊನೆಗೆ ರಾಯರು ಸ್ವಿಚ್ ಒತ್ತಿದರು. ಗಾಜು ಸರ್ರನೆ ಏರಿತು. ಗಾಜು ಏರುತ್ತಿರುವಾಗಲೇ ಮೀಟರ್ ಹಿಡಿದು ತೋರಿಸಿದರು: 9 ಚಿಲ್ಲರೆ ವೋಲ್ಟು ಇದ್ದದ್ದು 12ಕ್ಕೆ ಬಂದಿತ್ತು. ನಾನು ಕೈಮುಗಿಯುವಷ್ಟರಲ್ಲಿ ಅವರ ಮುಖ ಗಂಭೀರವಾಯಿತು. "ಈಗ ಬಲಗಡೇದು ನಿಧಾನ ಅನ್ನಿಸ್ತಿಲ್ವೇ?"

ನಾನು ಕಿಟಕಿ ಇಳಿಸುತ್ತಿದ್ದದ್ದಾದರೂ ಎಲ್ಲಿ? ಸಾದಹಳ್ಳಿ ಟೋಲಿನಲ್ಲಿ ಒಂದು ಸಲ. ಫಾಸ್‌ಟ್ಯಾಗ್ ಬಂದ ಮೇಲೆ ಅದೂ ಇಲ್ಲ. ಆದರೂ ಈಗ ಸಿಗ್ನಲ್ಲಿನಲ್ಲಿ ನಿಂತಾಗ ಸುಮ್ಮನೆ ಒಮ್ಮೆ ಏರಿಸಿ ಇಳಿಸುತ್ತೇನೆ. ಪಕ್ಕದ ಕಾರಿನವನು ನೋಡಲಿ ಎಂದು.

ರಾಯರು ದುಡ್ಡು ಮುಟ್ಟುವುದಿಲ್ಲ. ಒಂದು ಲೋಟ ಕಾಫಿ, ಅದೂ ಸ್ಟ್ರಾಂಗಾಗಿ. ಈಚೆಗೆ ಅವರ ಮಗ ಹೊಸ ಕಾರು ತಂದ. ಅದರಲ್ಲಿ ಸ್ವಿಚ್ಚು ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ ಅಷ್ಟೇ. ಮಿಕ್ಕದ್ದನ್ನು ಅದು ನೋಡಿಕೊಳ್ಳುತ್ತದೆ. ರಾಯರು ಜೀವಮಾನವೆಲ್ಲ ಬೋಧಿಸಿದ ತತ್ವವನ್ನು ಕಂಪನಿಯವರೇ ಜಾರಿಗೆ ತಂದಿದ್ದರು. ಆದರೆ ವೈರು ಕತ್ತರಿಸಿದರೆ ವಾರಂಟಿಗೆ ಕುತ್ತು. "ಅಪ್ಪಾ, ಕೈ ಹಾಕಬೇಡಿ" ಅಂದನಂತೆ ಮಗ. ಗೆದ್ದವರಿಗೆ ಕೆಲಸವಿಲ್ಲದಂತಾಯಿತು. ಅಂದಿನಿಂದ ರಾಯರು ವಾಚ್‌ಮನ್‌ನ ಮೊಪೆಡ್ಡಿನ ಹಿಂದೆ ಬಿದ್ದಿದ್ದಾರೆ.

ನಿಮ್ಮ ಕಾರಿನ ಗಾಜು ನಿಧಾನವಾದರೆ ಮೊದಲು ಅದು ಜಾರುವ ರಬ್ಬರಿನ ಧೂಳು ಒರೆಸಿ, ಸಿಲಿಕೋನ್ ಸ್ಪ್ರೇ ಹೊಡೆದು ನೋಡಿ. ಎಷ್ಟೋ ಸಲ ಅಷ್ಟೇ ಸಾಕು. ಆಗಲೂ ಸರಿಹೋಗದಿದ್ದರೆ ರಿಲೇ ಹಾಕಿಸಿ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ. ನಿಮ್ಮ ಬೇಸ್‌ಮೆಂಟಿನ ರಾಯರಿಗೇ ಕೊಡಿ, ಕೆಲಸ ಗಟ್ಟಿಯಾಗಿರುತ್ತದೆ. ಮದುವೆಯ ದಿನ ಮಾತ್ರ ಬೇಡ.