ವೇಗಾಸ್ ಪಕ್ಕದಲ್ಲೇ ನಿಂತು ವೇಗಾಸ್‌ಗೆ ಜೈಕಾರ

ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 2007ರಲ್ಲಿ ಯಾವ ಧಾರಾವಾಹಿ ಬದುಕಬೇಕು, ಯಾವುದು ಸಾಯಬೇಕು ಎಂದು ತೀರ್ಮಾನಿಸುತ್ತಿದ್ದ ಮಹನೀಯರಿಗೆ,

ಮೊದಲು ಅಭಿನಂದನೆ, ತಡವಾಗಿದೆ, ಮನ್ನಿಸಿ. ಆ ವರ್ಷದ ಅಕ್ಟೋಬರ್ 18ರ ಗುರುವಾರ ರಾತ್ರಿ ನಿಮ್ಮ ‘ಸಿಎಸ್‌ಐ’ ಮುಗಿದ ಬೆನ್ನಿಗೇ ‘ವಿವಾ ಲಾಫ್ಲಿನ್’ ಎಂಬ ಹಾಡುವ, ಕೊಲ್ಲುವ, ನಡುನಡುವೆ ನಗಿಸಲು ಹೆಣಗುವ ಹೊಸ ಧಾರಾವಾಹಿಯ ಪರದೆ ಎತ್ತಿದಿರಿ. 21ರ ಭಾನುವಾರ ಅದರ ಎರಡನೆಯ ಕಂತು. 22ರ ಸೋಮವಾರ ಅದು ರದ್ದು. ಗುರುವಾರ ನಾಮಕರಣ, ಸೋಮವಾರ ತಿಥಿ. ಕನ್ನಡದ ಸಂಜೆ ಧಾರಾವಾಹಿಗಳಲ್ಲಿ ಬಾಗಿಲು ತಟ್ಟಿದವರು ಯಾರೆಂದು ಗೊತ್ತಾಗುವುದಕ್ಕೇ ಅಷ್ಟು ದಿನ ಹಿಡಿಯುತ್ತದೆ. ಆದ್ದರಿಂದ ನಿಮ್ಮ ದಕ್ಷತೆಗೆ ಇಲ್ಲಿಂದಲೇ ಕೈಮುಗಿಯುತ್ತೇವೆ. ನಿಮಗಿಂತ ಚುರುಕಾಗಿದ್ದದ್ದು ಆಸ್ಟ್ರೇಲಿಯಾದ ನೈನ್ ವಾಹಿನಿ ಮಾತ್ರ. ಅದು ಒಂದೇ ಕಂತಿಗೆ ಅಂಗಡಿ ಮುಚ್ಚಿತು, ಅದೂ ತನ್ನ ನೆಲದ ಹುಡುಗ ಹ್ಯೂ ಜಾಕ್‌ಮನ್ ಆ ಧಾರಾವಾಹಿಯ ನಿರ್ಮಾಪಕರಲ್ಲಿ ಒಬ್ಬನಾಗಿದ್ದು, ತೆರೆಯ ಮೇಲೂ ಬಂದು ಹಾಡಿದ್ದಾಗ. ನ್ಯೂಯಾರ್ಕ್ ಟೈಮ್ಸ್‌ನ ವಿಮರ್ಶಕಿ ಇದು ಟೆಲಿವಿಷನ್ ಚರಿತ್ರೆಯಲ್ಲೇ ಅತಿ ಕೆಟ್ಟ ಕಾರ್ಯಕ್ರಮ ಇರಬಹುದೇ ಎಂದು ಕೇಳಿದರು. ಚರಿತ್ರೆ ಅಷ್ಟು ಉದ್ದವಾಗಿರುವಾಗ ಇದು ಸಣ್ಣ ಪ್ರಶಸ್ತಿಯಲ್ಲ.

ಕೊಂದದ್ದಕ್ಕೆ ನನ್ನ ತಕರಾರಿಲ್ಲ. ಇಂಥ ಸಾವಿನ ಮನೆಯಲ್ಲಿ ತಟ್ಟನೆ ಕೈಗೆ ಸಿಗುವ ಕಾರಣದ ಬಗ್ಗೆ ತಕರಾರಿದೆ. ಪಾತ್ರಗಳು ಮಾತಿನ ಮಧ್ಯೆ ಹಾಡತೊಡಗಿದರೆ ಜನ ಒಪ್ಪುವುದಿಲ್ಲ. 1990ರಲ್ಲಿ ಪೊಲೀಸರನ್ನೇ ಹಾಡಿಸಿದ ‘ಕಾಪ್ ರಾಕ್’ ಕೂಡ 11 ಕಂತಿಗೆ ಮಲಗಲಿಲ್ಲವೇ. ಇದು ಬ್ರಿಟನ್ನಿನ ಧಾರಾವಾಹಿಯೊಂದರ ರೀಮೇಕು; ಇನ್ನೊಬ್ಬರ ನಾಡಿನ ಸರಕು ನಮ್ಮ ನೆಲದಲ್ಲಿ ಚಿಗುರುವುದಿಲ್ಲ, ಇತ್ಯಾದಿ. ಈ ಮರಣಪತ್ರವನ್ನು ಒಪ್ಪಿಕೊಂಡರೆ ಹಾಡೂ ಅಪರಾಧಿ, ರೀಮೇಕೂ ಅಪರಾಧಿ, ನೀವು ಮಾತ್ರ ನಿರಪರಾಧಿಗಳು. ನಿಮ್ಮ ಧಾರಾವಾಹಿಯನ್ನು ಕೊಂದದ್ದು ಹಾಡಲ್ಲ, ವಿದೇಶಿ ಮೂಲವೂ ಅಲ್ಲ, ಭೂಗೋಳ ಎಂಬುದು ನನ್ನ ವಾದ. ಒಂದು ಊರಿನ ಕಥೆಯನ್ನು ಕೊಂಡ ನೀವು ಆ ಊರನ್ನು ಬಿಟ್ಟು ಉಳಿದೆಲ್ಲವನ್ನೂ ಹಡಗಿಗೆ ಏರಿಸಿದಿರಿ.

ಮೂಲವನ್ನು ನೆನಪಿಸಿಕೊಳ್ಳಿ. 2004ರ ಕೊನೆಯಲ್ಲಿ ಬಿಬಿಸಿ ಒನ್‌ನಲ್ಲಿ ಬಂದ ‘ಬ್ಲ್ಯಾಕ್‌ಪೂಲ್’, ಪೀಟರ್ ಬೌಕರ್ ಬರೆದ ಆರು ಕಂತುಗಳ ಕಥೆ. ಡೇವಿಡ್ ಮಾರಿಸ್ಸಿ ಆಡಿದ ರಿಪ್ಲಿ ಹೋಲ್ಡನ್ ಕಡಲತೀರದಲ್ಲಿ ಚಿಲ್ಲರೆ ಕಾಸಿನ ಆಟದ ಯಂತ್ರಗಳ ಮಳಿಗೆ ಇಟ್ಟುಕೊಂಡವನು. ಅದನ್ನು ಕ್ಯಾಸಿನೊ ಹೋಟೆಲ್ ಮಾಡಿ ಊರನ್ನೇ ಲಾಸ್ ವೇಗಾಸ್ ಆಗಿಸುವ ಹುಚ್ಚು ಅವನದು. ಮಳಿಗೆಯಲ್ಲಿ ಒಬ್ಬ ಯುವಕನ ಹೆಣ ಸಿಗುತ್ತದೆ. ತನಿಖೆಗೆ ಬಂದ ಪೊಲೀಸ್ ಅಧಿಕಾರಿ (ಡೇವಿಡ್ ಟೆನೆಂಟ್) ಹೋಲ್ಡನ್‌ನ ಹೆಂಡತಿಯನ್ನೇ (ಸಾರಾ ಪ್ಯಾರಿಷ್) ಪ್ರೀತಿಸತೊಡಗುತ್ತಾನೆ. ಇವರೆಲ್ಲ ಆಗಾಗ ಮಾತು ನಿಲ್ಲಿಸಿ, ಹಳೆಯ ಜನಪ್ರಿಯ ಹಾಡಿನ ಮೂಲ ಧ್ವನಿಮುದ್ರಣದ ಮೇಲೆಯೇ ತಮ್ಮ ದನಿ ಸೇರಿಸಿ ಹಾಡುತ್ತಾರೆ. ಶಂಕಿತನೂ ಪೊಲೀಸನೂ ನ್ಯಾನ್ಸಿ ಸಿನಾತ್ರಾಳ ಹಾಡಿಗೆ ಎದುರುಬದುರು ಹೆಜ್ಜೆ ಹಾಕುವಾಗ ಅದು ನೃತ್ಯವೂ ಹೌದು, ವಿಚಾರಣೆಯೂ ಹೌದು. ಡೆನಿಸ್ ಪಾಟರ್ ತನ್ನ ‘ಪೆನೀಸ್ ಫ್ರಂ ಹೆವನ್’ (1978) ಮತ್ತು ‘ದಿ ಸಿಂಗಿಂಗ್ ಡಿಟೆಕ್ಟಿವ್’ (1986) ಸರಣಿಗಳಲ್ಲಿ ತೋರಿಸಿಕೊಟ್ಟ ದಾರಿ ಅದು: ಬದುಕು ಸಣ್ಣದಿರುವವರ ಬಾಯಲ್ಲಿ ದೊಡ್ಡ ಹಾಡು ಇಡುವುದು.

ಈ ಹುಚ್ಚಿಗೆ ಬ್ಲ್ಯಾಕ್‌ಪೂಲೇ ಏಕೆ ಬೇಕಿತ್ತು ಎಂದು ನಿಮ್ಮಲ್ಲಿ ಯಾರೂ ಕೇಳಿದಂತಿಲ್ಲ. ಆ ಊರು ಹುಟ್ಟಿನಿಂದಲೇ ನಕಲಿನ ಊರು. ಅಲ್ಲಿನ ಮೇಯರ್ ಜಾನ್ ಬಿಕರ್‌ಸ್ಟಾಫ್ 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಐಫೆಲ್ ಗೋಪುರ ಕಂಡು ಮರುಳಾದರು. 1894ರಲ್ಲಿ ಬ್ಲ್ಯಾಕ್‌ಪೂಲ್ ತನ್ನದೇ ಗೋಪುರ ಎತ್ತಿತು, 158 ಮೀಟರ್, ಮೂಲದ ಅರ್ಧದಷ್ಟು. ಆದರೆ ಬಿಕರ್‌ಸ್ಟಾಫ್ ನಿಮಗಿಂತ ಜಾಣ. ಪ್ಯಾರಿಸ್ಸಿನ ಆಕಾರ ತಂದು, ಅದರ ಬುಡದಲ್ಲಿ ಸರ್ಕಸ್ ಇಟ್ಟರು, ಕುಣಿಯಲು ಅಂಗಣ ಇಟ್ಟರು. ಏಕೆಂದರೆ ಅಲ್ಲಿಗೆ ಬರುತ್ತಿದ್ದವರು ಲ್ಯಾಂಕಶೈರ್‌ನ ಹತ್ತಿ ಗಿರಣಿಗಳ ಕಾರ್ಮಿಕರು, ವರ್ಷಕ್ಕೊಮ್ಮೆ ಗಿರಣಿ ಮುಚ್ಚಿದಾಗ ಕಡಲು ನೋಡಲು ರೈಲು ಹತ್ತುತ್ತಿದ್ದವರು. ಆ ರೀಮೇಕ್ 130 ವರ್ಷ ದಾಟಿ ಇವತ್ತಿಗೂ ನಿಂತಿದೆ. ಮುಂದೆ ಅಗ್ಗದ ವಿಮಾನ ಪ್ರವಾಸಗಳು ಆ ಜನರನ್ನು ಸ್ಪೇನಿನ ಬಿಸಿಲಿಗೆ ಎಳೆದೊಯ್ದವು. ಬಣ್ಣ ಮಾಸಿದ ಊರು ಜೂಜಿನ ಕಡೆಗೆ ಆಸೆಗಣ್ಣು ಹಾಯಿಸಿತು. ಧಾರಾವಾಹಿ ಬಂದ ಹೊತ್ತಿನಲ್ಲೇ ಬ್ರಿಟನ್ನಿನ ಜೂಜು ಕಾನೂನು ಸಂಸತ್ತಿನಲ್ಲಿತ್ತು. ಭಾರೀ ಕ್ಯಾಸಿನೊ ಒಂದು ಬಂದರೆ ಬ್ಲ್ಯಾಕ್‌ಪೂಲಿಗೇ ಎಂಬ ನಂಬಿಕೆ ಊರಲ್ಲಿ ಬಲವಾಗಿತ್ತು. 2007ರ ಜನವರಿಯಲ್ಲಿ ಸಲಹಾ ಸಮಿತಿ ಮ್ಯಾಂಚೆಸ್ಟರ್ ಎಂದುಬಿಟ್ಟಿತು; ಕಡೆಗೆ ಅಲ್ಲೂ ಅದು ಏಳಲಿಲ್ಲ. ಇಂಥ ಊರಿನಲ್ಲಿ, ಮೋಡ ಮುಚ್ಚಿದ ಕಡಲ ಮುಂದೆ, ಕೌಬಾಯ್ ಠೀವಿಯ ಇಂಗ್ಲಿಷಿನವನೊಬ್ಬ ಎಲ್ವಿಸ್ ಪ್ರೆಸ್ಲಿಯ ‘ವಿವಾ ಲಾಸ್ ವೇಗಾಸ್’ ಹಾಡಿದಾಗ ನಗು ಬರುತ್ತದೆ; ನಗುವಿನ ಹಿಂದೆಯೇ ಅಯ್ಯೋ ಅನ್ನಿಸುತ್ತದೆ. ಅವನಿಗೂ ವೇಗಾಸಿಗೂ ನಡುವೆ ಒಂದು ಸಾಗರ, ಒಂದು ಖಂಡ, ಒಂದು ಮಸೂದೆ ಅಡ್ಡ ನಿಂತಿವೆ. ಆ ದೂರವೇ ಹಾಸ್ಯ, ಆ ದೂರವೇ ದುಃಖ.

ಈಗ ನಿಮ್ಮ ಆಯ್ಕೆಗೆ ಬನ್ನಿ. ನೀವು ಕಥೆಯನ್ನು ತಂದಿಳಿಸಿದ್ದು ನೆವಾಡಾದ ಲಾಫ್ಲಿನ್‌ಗೆ. ಕೊಲರಾಡೊ ನದಿಯ ದಂಡೆಯ ಊರದು. 1960ರ ದಶಕದಲ್ಲಿ ಡಾನ್ ಲಾಫ್ಲಿನ್ ಎಂಬುವವರು ಜಾಗ ಕೊಂಡು ಕ್ಯಾಸಿನೊ ತೆರೆದ ಮೇಲೆ ಬೆಳೆದದ್ದು, ಹೆಸರೂ ಅವರದೇ. ಲಾಸ್ ವೇಗಾಸಿನಿಂದ ಸುಮಾರು 150 ಕಿಲೋಮೀಟರ್, ಅಂದರೆ ಬೆಂಗಳೂರಿನಿಂದ ಮೈಸೂರಿಗೆ ಹೋಗುವಷ್ಟು. ಜೂಜಿಗೆ ಆ ರಾಜ್ಯದಲ್ಲಿ 1931ರಿಂದಲೇ ಕಾನೂನಿನ ಒಪ್ಪಿಗೆಯಿದೆ. ನದಿಯುದ್ದಕ್ಕೂ ಕ್ಯಾಸಿನೊಗಳ ಸಾಲು ಮೊದಲೇ ಇದೆ. ಹೀಗಿರುವಲ್ಲಿ ನಿಮ್ಮ ರಿಪ್ಲಿ ಹೋಲ್ಡನ್ (ಲಾಯ್ಡ್ ಓವೆನ್) ತನ್ನ ಅಂಗಡಿಗಳ ಸರಣಿಯನ್ನು ಮಾರಿ ಕ್ಯಾಸಿನೊ ಕಟ್ಟಲು ಹೊರಟರೆ ಅವನು ಕನಸುಗಾರನಲ್ಲ, ಇನ್ನೊಬ್ಬ ವ್ಯಾಪಾರಿ. ಅವನ ಸಂಕಟವೆಲ್ಲ ಬಂಡವಾಳದ್ದು. ಬ್ಯಾಂಕಿನ ವ್ಯವಸ್ಥಾಪಕನಿಗೆ ಹೇಳಿಕೊಳ್ಳಬೇಕಾದ್ದನ್ನು ಪ್ರೇಕ್ಷಕನಿಗೆ ಹಾಡಿ ಹೇಳುತ್ತಾನೆ. ‘ವಿವಾ ಲಾಸ್ ವೇಗಾಸ್’ ಅವನೂ ಹಾಡುತ್ತಾನೆ. ಕಾರು ಹತ್ತಿದರೆ ಊಟದ ಹೊತ್ತಿಗೆ ತಲುಪಬಹುದಾದ ಊರಿಗೆ ಅಷ್ಟೊಂದು ಹಂಬಲ! ಮೈಸೂರಿಗೆ ಹೊರಟವನು ರಾಮನಗರದಲ್ಲಿ ನಿಂತು ಚಾಮುಂಡಿ ಬೆಟ್ಟಕ್ಕಾಗಿ ಕಣ್ಣೀರಿಟ್ಟಂತೆ. ಇನ್ನು ಎದುರಾಳಿ ಕ್ಯಾಸಿನೊ ಒಡೆಯನಾಗಿ ಜಾಕ್‌ಮನ್ ‘ರೋಲಿಂಗ್ ಸ್ಟೋನ್ಸ್’ ಹಾಡಿನೊಂದಿಗೆ ಬಂದಿಳಿಯುತ್ತಾನಲ್ಲ, ಅವನು 2004ರಲ್ಲಿ ಬ್ರಾಡ್‌ವೇಯಲ್ಲಿ ಹಾಡಿ ಕುಣಿದೇ ಟೋನಿ ಪ್ರಶಸ್ತಿ ಗೆದ್ದವನು. ಅವನು ಚೆನ್ನಾಗಿ ಹಾಡಿದಷ್ಟೂ ಧಾರಾವಾಹಿ ಕೆಡುತ್ತದೆ. ಈ ಪ್ರಕಾರದ ಹಾಡಿಗೆ ಬೇಕಾದದ್ದು ಕಂಠದ ಸಿರಿಯಲ್ಲ, ಕೊರತೆ.

ಹಾಡನ್ನೇ ದೂರುವವರಿಗೆ ಎರಡು ಮಾತು. ತೆರೆಯ ಮೇಲಿನವರು ಇದ್ದಕ್ಕಿದ್ದಂತೆ ಹಾಡುವುದು ಅಸಹಜ ಎಂಬ ವಾದ ಕನ್ನಡಿಗರ ಮುಂದೆ ನಿಲ್ಲುವುದಿಲ್ಲ, ಡಾ. ರಾಜ್‌ಕುಮಾರ್ ತುಟಿಯಲ್ಲಿ ಪಿ.ಬಿ. ಶ್ರೀನಿವಾಸ್ ಕಂಠವನ್ನು ಕೇಳುತ್ತ ಬೆಳೆದ ನಾಡು ಇದು. ಒಂದು ವ್ಯತ್ಯಾಸ ಮಾತ್ರ ಉಂಟು. ನಮ್ಮ ಹಿನ್ನೆಲೆ ಗಾಯನದಲ್ಲಿ ನಟನೂ ಗಾಯಕನೂ ಒಂದೇ ಎನಿಸಬೇಕು, ಹೊಲಿಗೆ ಕಾಣಬಾರದು. ಬ್ಲ್ಯಾಕ್‌ಪೂಲಿನಲ್ಲಿ ಹೊಲಿಗೆಯನ್ನು ತೋರಿಸುವುದೇ ಕಸುಬು: ಎಲ್ವಿಸ್ ಕೇಳಿಸುತ್ತಾನೆ, ಎಲ್ವಿಸ್ ಆಗಲಾರದವನೂ ಕೇಳಿಸುತ್ತಾನೆ. ನೀವು ಈ ತಂತ್ರವನ್ನು ಚಾಚೂತಪ್ಪದೆ ತಂದಿರಿ, ಆದರೆ ಎರಡು ದನಿಗಳ ನಡುವಿನ ಅಂತರವನ್ನು ಅಲ್ಲೇ ಬಿಟ್ಟಿರಿ. ಅಮೆರಿಕನ್ನರಿಗೆ ಹಾಡು ಹಿಡಿಸದು ಎಂಬುದಂತೂ ಶುದ್ಧ ಸುಳ್ಳು. ನಿಮ್ಮ ಧಾರಾವಾಹಿಗೆ ಎರಡು ತಿಂಗಳು ಮೊದಲು, 2007ರ ಆಗಸ್ಟ್‌ನಲ್ಲಿ, ಡಿಸ್ನಿ ಚಾನೆಲ್ಲಿನ ‘ಹೈಸ್ಕೂಲ್ ಮ್ಯೂಸಿಕಲ್ 2’ ಚಿತ್ರವನ್ನು ಮೊದಲ ರಾತ್ರಿ ನೋಡಿದವರು 1.7 ಕೋಟಿ ಜನ. 2009ರಲ್ಲಿ ಬಂದ ‘ಗ್ಲೀ’, ಅದೂ ಹಾಸ್ಯ ಬೆರೆತ ಕಥೆಯೇ, ಪರಿಚಿತ ಹಾಡುಗಳನ್ನೇ ಹಾಡಿಸುತ್ತ 121 ಕಂತು ಓಡಿತು. ಅಲ್ಲಿಯ ಮಕ್ಕಳು ಶಾಲೆಯಲ್ಲಿ ಯಾರ ಲೆಕ್ಕಕ್ಕೂ ಇಲ್ಲದವರು. ತಾರೆಯರ ಹಾಡು ಅವರಿಗೆ ಎಟುಕದ ಲೋಕ. ಅಂತರ ಮತ್ತೆ ಸಿಕ್ಕಿತು, ಹಾಡು ಮತ್ತೆ ಕೆಲಸ ಮಾಡಿತು.

ಊರಿನ ವಾಸನೆ ಇಷ್ಟು ಮುಖ್ಯವಾದರೆ ರೀಮೇಕೇ ಸಾಧ್ಯವಿಲ್ಲವಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಆಕ್ಷೇಪ. ಉತ್ತರ ನಿಮ್ಮ ಉಗ್ರಾಣದಲ್ಲೇ ಇದೆ. 1971ರಲ್ಲಿ ಇದೇ ಸಿಬಿಎಸ್ ಬ್ರಿಟನ್ನಿನ ‘ಟಿಲ್ ಡೆತ್ ಅಸ್ ಡು ಪಾರ್ಟ್’ ಅನ್ನು ‘ಆಲ್ ಇನ್ ದಿ ಫ್ಯಾಮಿಲಿ’ ಮಾಡಿತು. ಲಂಡನ್ನಿನ ಬಾಯಿಬಡುಕ ಮುದುಕನನ್ನು ಬರಿದೇ ವಿಮಾನ ಹತ್ತಿಸಲಿಲ್ಲ. ನ್ಯೂಯಾರ್ಕಿನ ಕ್ವೀನ್ಸ್ ಬಡಾವಣೆಯಲ್ಲಿ, ವಿಯೆಟ್ನಾಂ ಯುದ್ಧ ಮತ್ತು ವರ್ಣಭೇದದ ಜಗಳಗಳ ನಡುವೆ, ಅವನಂಥ ಸ್ಥಳೀಯನೊಬ್ಬನನ್ನು ಹುಡುಕಿತು. ಅದು ಎಂಟು ವರ್ಷ ಓಡಿತು. ನೆದರ್‌ಲೆಂಡ್ಸ್‌ನ ‘ಬಿಗ್ ಬ್ರದರ್’ ಅನ್ನು 2000ದಲ್ಲಿ ತಂದಾಗ ಹೊರಹಾಕುವ ಅಧಿಕಾರ ಅಲ್ಲಿನಂತೆಯೇ ವೀಕ್ಷಕರದಾಗಿತ್ತು. ನಿಮ್ಮ ಜನಕ್ಕೆ ಅದು ಸಪ್ಪೆ ಎನಿಸಿತು. ಮರುವರ್ಷ ಮನೆಯೊಳಗಿನವರೇ ಒಬ್ಬರನ್ನೊಬ್ಬರು ಮತ ಹಾಕಿ ಹೊರದಬ್ಬುವ ನಿಯಮ ತಂದಿರಿ. ಆಟ ಇಂದಿಗೂ ನಿಂತಿಲ್ಲ. ಅದೇ ಆಟ 2013ರಲ್ಲಿ ಕನ್ನಡಕ್ಕೆ ‘ಬಿಗ್ ಬಾಸ್’ ಆಗಿ ಬಂದಾಗ ವೀಕ್ಷಕರ ಮತ ಉಳಿಯಿತು, ಮೇಲೆ ವಾರಾಂತ್ಯಕ್ಕೆ ಸುದೀಪ್ ಅವರ ಪಂಚಾಯಿತಿ ಕಟ್ಟೆಯೂ ಸೇರಿತು. ತೀರ್ಪು ಹೇಳುವ ಹಿರಿಯ ಇಲ್ಲದ ಜಗಳ ನಮಗೆ ರುಚಿಸುವುದಿಲ್ಲ. ಏನನ್ನು ಬದಲಿಸಬೇಕು, ಏನನ್ನು ಮುಟ್ಟಬಾರದು ಎಂಬ ವಿವೇಕವಿದ್ದರೆ ಬೇರೆ ನೆಲದ ಸರಕೂ ಚಿಗುರುತ್ತದೆ. ವಿವೇಕ ಕೈಕೊಟ್ಟಾಗ ಏನಾಗುತ್ತದೆ ಎನ್ನುವುದಕ್ಕೆ ಬ್ರಿಟನ್ನಿನ ಹೋಟೆಲ್ ಹಾಸ್ಯ ‘ಫಾಲ್ಟಿ ಟವರ್ಸ್’ ಸಾಕ್ಷಿ: 1983ರಲ್ಲಿ ಎಬಿಸಿ ಅದನ್ನು ‘ಅಮಾಂಡಾಸ್’ ಎಂದು ತಂದಾಗ ಹೋಟೆಲಿನ ಒಡೆಯ ಬ್ಯಾಸಿಲ್ ಫಾಲ್ಟಿಯನ್ನೇ ಕೈಬಿಟ್ಟಿತ್ತು. ರಾವಣನಿಲ್ಲದ ರಾಮಾಯಣ. ಅದೂ ಬೇಗ ಮಂಗಳ ಹಾಡಿತು. 1999ರಲ್ಲಿ ‘ಪೇನ್’ ಎಂಬ ಹೆಸರಲ್ಲಿ ನೀವೂ ಅದೇ ಹೋಟೆಲಿಗೆ ಹೋಗಿ ಬರಿಗೈಯಲ್ಲಿ ಬಂದವರು ಎಂಬುದನ್ನು ಇಲ್ಲಿ ಎಳೆಯುವುದಿಲ್ಲ.

ಎರಡೇ ಕಂತಿಗೆ ತೀರ್ಪು ಕೊಟ್ಟದ್ದು ಅನ್ಯಾಯ, ‘ದಿ ಆಫೀಸ್’ನಂತೆ ಇದಕ್ಕೂ ಸಮಯ ಕೊಡಬೇಕಿತ್ತು ಎನ್ನುವ ಕರುಣಾಳುಗಳೂ ಇದ್ದಾರೆ. ಅವರನ್ನು ನಾನು ಒಪ್ಪಲಾರೆ. 2005ರಲ್ಲಿ ಅಮೆರಿಕದ ‘ದಿ ಆಫೀಸ್’ ಮೊದಲ ಕಂತಿನಲ್ಲಿ ಬ್ರಿಟಿಷ್ ಚಿತ್ರಕಥೆಯನ್ನೇ ಹೆಚ್ಚುಕಡಿಮೆ ಪಠಿಸುತ್ತ ಎಡವಿದ್ದು ನಿಜ. ಆದರೆ ಮುಂದಿನ ಸೀಸನ್‌ನಲ್ಲಿ ನಾಯಕನ ಕ್ರೌರ್ಯವನ್ನು ತಗ್ಗಿಸಿ, ಅವನನ್ನು ಪೆನ್ಸಿಲ್ವೇನಿಯಾದ ಸಣ್ಣ ಊರೊಂದರವನನ್ನಾಗಿ ಮಾಡಿ, 201 ಕಂತುಗಳ ದಾರಿ ಕಂಡುಕೊಂಡಿತು. ಪಾತ್ರವನ್ನು ತಿದ್ದಬಹುದು. ಲಾಫ್ಲಿನ್ ಅನ್ನು ವೇಗಾಸಿನಿಂದ ದೂರ ಒಯ್ಯುವುದು ಯಾವ ಚಿತ್ರಕಥೆಗಾರನ ಕೈಯಲ್ಲೂ ಇಲ್ಲ. ಅದೂ ಅಲ್ಲದೆ ಮೂಲ ಆರು ಕಂತಿನ ಕೊಲೆ ಕಥೆ. ನಿಮ್ಮ ವ್ಯಾಪಾರಕ್ಕೆ ವರ್ಷಕ್ಕೆ 22 ಬೇಕಿತ್ತು. ಬ್ರಿಟನ್ನಿನವರೇ 2006ರಲ್ಲಿ ಅದನ್ನು ಮುಂದುವರಿಸಲು ಹೋದಾಗ ‘ವಿವಾ ಬ್ಲ್ಯಾಕ್‌ಪೂಲ್’ ಎಂಬ ಒಂದೇ ಚಿತ್ರಕ್ಕೆ ನಿಲ್ಲಿಸಿದರು.

ಆದರೂ ನಿಮ್ಮ ಆತುರಕ್ಕೆ ವಿಧಿ ಒಂದು ಪುಟ್ಟ ಬಹುಮಾನ ಕೊಟ್ಟಿತು. ನೀವು ಧಾರಾವಾಹಿಯನ್ನು ಹೂಳಿ ಎರಡು ವಾರವಾಗಿತ್ತಷ್ಟೆ, ನವೆಂಬರ್ 5ರಂದು ಅಮೆರಿಕದ ಚಿತ್ರಕಥೆಗಾರರ ಸಂಘ ಮುಷ್ಕರ ಹೂಡಿತು. ಅದು ನೂರು ದಿನ ನಡೆಯಿತು. ಬರೆಸಿದ ಕಂತೊಂದು ಕಪಾಟಿನಲ್ಲಿದ್ದರೆ ಸಾಕು ಎಂದು ವಾಹಿನಿಗಳು ತಡಕಾಡಿದ ಕಾಲವದು. ಆ ಬರಗಾಲದಲ್ಲಿ, 2008ರ ಫೆಬ್ರವರಿಯಲ್ಲಿ, ನೀವು ಆಸರೆಗೆ ಕರೆದದ್ದು ಯಾರನ್ನು? ಬೇಸಿಗೆಯಲ್ಲಷ್ಟೇ ಬರುತ್ತಿದ್ದ ‘ಬಿಗ್ ಬ್ರದರ್’ ಅನ್ನು, ಅಂದರೆ ಇನ್ನೊಂದು ವಿದೇಶಿ ರೀಮೇಕನ್ನು.

ಕಡೆಯದಾಗಿ ಒಂದು ವಿನಂತಿ. ಬಂಡವಾಳ ಕೊಡುತ್ತೇನೆಂದು ಹಿಂದೆ ಸರಿದವನು ನಿಮ್ಮ ಮೊದಲ ಕಂತಿನಲ್ಲೇ ಕೊಲೆಯಾಗಿದ್ದ. ಮೂಲ ನೋಡಿದವರಿಗೆ ಬ್ಲ್ಯಾಕ್‌ಪೂಲಿನ ಕೊಲೆಗಾರ ಯಾರೆಂದು ಆರನೆಯ ಕಂತಿನ ಹೊತ್ತಿಗೆ ಗೊತ್ತಾಯಿತು. ನಿಮ್ಮನ್ನು ನಂಬಿ ಕೂತವರಿಗೆ ಇನ್ನೂ ಗೊತ್ತಿಲ್ಲ. ಧಾರಾವಾಹಿಯನ್ನು ಮತ್ತೆ ತೋರಿಸಬೇಡಿ, ಆ ಶಿಕ್ಷೆ ಯಾರಿಗೂ ಬೇಡ. ಕೊಂದವರು ಯಾರೆಂಬುದನ್ನು ಒಂದು ಸಾಲಿನಲ್ಲಿ, ದಯವಿಟ್ಟು ಹಾಡದೆ, ತಿಳಿಸಿಬಿಡಿ.

ಇತಿ,
ನಿಮ್ಮ ಉತ್ತರದ ನಿರೀಕ್ಷೆಯಲ್ಲಿರುವ
ಒಬ್ಬ ಕನ್ನಡ ಪ್ರೇಕ್ಷಕ