ನಾಣ್ಯಮೋಹ ಮೀಮಾಂಸೆ, ಅಥವಾ ಅರಸೀಕೆರೆ ಬೆಂಚಿನ ಬೆಲೆಶಾಸ್ತ್ರ

ಅರಸೀಕೆರೆಯಲ್ಲಿ ಬೆಲೆಶಾಸ್ತ್ರಕ್ಕೆ ಎರಡು ಪೀಠಗಳುಂಟು. ಒಂದು ಕೊಬ್ಬರಿ ಮಾರುಕಟ್ಟೆ, ಇನ್ನೊಂದು ರೈಲ್ವೆ ಜಂಕ್ಷನ್ನಿನ ಕಲ್ಲುಬೆಂಚು. ಮೊದಲನೆಯದರಲ್ಲಿ ಬೆಲೆ ಹರಾಜಿನಲ್ಲಿ ತೀರ್ಮಾನವಾಗುತ್ತದೆ. ಎರಡನೆಯದರಲ್ಲಿ ರೈಲು ಬರುವವರೆಗೂ ತೀರ್ಮಾನವಾಗುತ್ತಲೇ ಇರುತ್ತದೆ. ಹಳೆಯ ನಾಣ್ಯದ ಮೌಲ್ಯವನ್ನು ಕುರಿತ ಪ್ರಸ್ತುತ ಪ್ರಬಂಧವು ಎರಡನೆಯ ಪೀಠದ ಪರಂಪರೆಗೆ ಸೇರಿದ್ದೆಂದು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇವೆ.

ಪೂರ್ವಪಕ್ಷದವರು ಮೂರು ಪಂಗಡ. ಲೋಹವಾದಿಗಳ ಪ್ರಕಾರ ನಾಣ್ಯದ ಬೆಲೆ ಎಂದರೆ ಅದರೊಳಗಿನ ಚಿನ್ನದ ಬೆಲೆ. ಇವರ ಖಂಡನೆಗೆ ಬೇಲೂರಿನವರೆಗೆ ಹೋದರೆ ಸಾಕು. ಅಲ್ಲಿ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ವಿಷ್ಣುವರ್ಧನನು ಚೋಳರಿಂದ ತಲಕಾಡನ್ನು ಗೆದ್ದ ಸಂಭ್ರಮಕ್ಕೆ ಚಿನ್ನದ ನಾಣ್ಯ ಹೊರಡಿಸಿದ. ಒಂದು ಬದಿಗೆ ಸಿಂಹ, ಇನ್ನೊಂದು ಬದಿಗೆ ಹಳಗನ್ನಡ ಲಿಪಿಯಲ್ಲಿ ‘ಶ್ರೀ ತಳಕಾಡುಗೊಂಡ’. ಮತ್ತೊಂದು ಬಗೆಯದರಲ್ಲಿ ‘ಶ್ರೀ ನೊಣಂಬವಾಡಿಗೊಂಡ’. ತೂಕ ಹೆಚ್ಚುಕಡಿಮೆ ನಾಲ್ಕು ಗ್ರಾಂ. ಅಕ್ಕಸಾಲಿಗನ ತಕ್ಕಡಿಗೆ ಅದು ನಾಲ್ಕು ಗ್ರಾಂ ಚಿನ್ನ, ಅಷ್ಟೇ. ಆದರೆ ಇಡೀ ಬಿರುದು ಪೂರ್ತಿ ಕೂತಿರುವ ನಾಣ್ಯ ಕಂಡರೆ ಸಂಗ್ರಾಹಕನ ಕಣ್ಣು ಅರಳುತ್ತದೆ. ಅಚ್ಚು ಒತ್ತುವಾಗ ‘ಗೊಂಡ’ ಅಂಚಿನಾಚೆ ಜಾರಿಹೋಗಿದ್ದರೆ ಅದೇ ಕಣ್ಣು ಬಾಡುತ್ತದೆ. ಚಿನ್ನ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ, ಕಡಿಮೆಯಾದದ್ದು ಎರಡಕ್ಷರ. ಓದಬಲ್ಲ ಕನ್ನಡಿಗನೇ ಈ ನಾಣ್ಯದ ಹಸಿದ ಗಿರಾಕಿಯಾದ್ದರಿಂದ ಎರಡಕ್ಷರದ ದರ ಚಿನ್ನದ ದರಕ್ಕಿಂತ ಮೇಲು.

ಪುರಾತನವಾದಿಗಳು ವಯಸ್ಸೇ ಮೌಲ್ಯ ಎನ್ನುತ್ತಾರೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಂಥ ಶಾತವಾಹನರ ಸೀಸದ ನಾಣ್ಯಗಳು ಹೊಯ್ಸಳರಿಗಿಂತ ಸಾವಿರ ವರ್ಷ ಹಿರಿಯವು. ಆದರೂ ಸಾಮಾನ್ಯ ಸೀಸದ ಬಿಲ್ಲೆಯನ್ನು ಆರನೇ ಜಾರ್ಜನ 1939ರ ಬೆಳ್ಳಿ ರೂಪಾಯಿ ಸಲೀಸಾಗಿ ಹಿಂದೆ ಹಾಕುತ್ತದೆ. ಹಿರಿತನಕ್ಕೆ ಮನೆಯಲ್ಲಿ ಸಿಗುವ ಮರ್ಯಾದೆಯೇ ಮಾರುಕಟ್ಟೆಯಲ್ಲೂ ಸಿಗುತ್ತದೆಂದು ಇದರಿಂದ ಸಿದ್ಧ.

ಇನ್ನು ವಿರಳವಾದಿಗಳು. ನಮ್ಮ ಮನೆಯ ಹಿತ್ತಿಲ ಬಾಗಿಲಿನ ಮುರಿದ ಚಿಲಕ ಜಗತ್ತಿನಲ್ಲಿ ಒಂದೇ ಒಂದು. ಈವರೆಗೆ ಯಾರೂ ಕೇಳಿಕೊಂಡು ಬಂದಿಲ್ಲ.

ಆದ್ದರಿಂದ ಸಿದ್ಧಾಂತ: ನಾಣ್ಯಕ್ಕೆ ಬೆಲೆ ಬರಲು ಅದನ್ನು ಬಯಸುವವರು ಕನಿಷ್ಠ ಇಬ್ಬರು ಬೇಕು. ಒಬ್ಬನೇ ಇದ್ದರೆ ಅವನು ಕೊಟ್ಟಷ್ಟು. ಇಬ್ಬರಿದ್ದರೆ ಹರಾಜು. ಅವರಿಬ್ಬರ ನಡುವೆ ಹಳೆಯ ವೈಮನಸ್ಯವಿದ್ದರೆ ಮಾರುವವನ ಭಾಗ್ಯ. ಗಮನಿಸಿ, ಹರಾಜಿನಲ್ಲಿ ಬೆಲೆ ಕಟ್ಟುವವನು ಗೆದ್ದವನಲ್ಲ, ಸೋತವನು. ಅವನು ಎಲ್ಲಿ ಕೈ ಇಳಿಸಿದನೋ ಅದರ ಮೇಲಿನ ಮೆಟ್ಟಿಲೇ ಬೆಲೆ. ಕೊಬ್ಬರಿಗೆ ಹೀಗಲ್ಲ, ಇಬ್ಬರೂ ಎದ್ದುಹೋದರೂ ಅದರಲ್ಲಿ ಎಣ್ಣೆ ಇರುತ್ತದೆ. 2021ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ 1933ರ ಇಪ್ಪತ್ತು ಡಾಲರಿನ ಚಿನ್ನದ ನಾಣ್ಯವೊಂದು ಸುಮಾರು 1.89 ಕೋಟಿ ಡಾಲರಿಗೆ ಹೋಯಿತು. ಆ ಸೋತ ಮಹನೀಯನ ಪ್ರತಿಮೆಯನ್ನು ಯಾರೂ ನಿಲ್ಲಿಸದಿರುವುದು ಅರ್ಥಶಾಸ್ತ್ರಕ್ಕೇ ಕಳಂಕ.

ಬಯಕೆ ಹುಟ್ಟುವುದು ಕಥೆಯಿಂದ. 1911ರ ಐದನೇ ಜಾರ್ಜನ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆ ಜನರ ಕಣ್ಣಿಗೆ ಹಂದಿಯಂತೆ ಕಂಡು ರಂಪವಾಯಿತು. ಹಂಚದೆ ಉಳಿದದ್ದನ್ನು ಕರಗಿಸಿ, ಮುಂದಿನ ವರ್ಷದಿಂದ ಆನೆಯನ್ನು ತಿದ್ದಲಾಯಿತು. ಹಳೇಬೀಡಿನ ಜಗತಿಯ ಆನೆಸಾಲನ್ನು ಒಮ್ಮೆ ನೋಡಿಕೊಂಡು ಹೋಗಿದ್ದರೆ ಟಂಕಸಾಲೆಗೆ ಈ ಖರ್ಚು ತಪ್ಪುತ್ತಿತ್ತು. ಆದರೆ ಸಂಗ್ರಾಹಕರಿಗೆ ನಷ್ಟವಾಗುತ್ತಿತ್ತು: ಇಂದು ಸೊಂಡಿಲು ಸರಿಯಿರುವ ರೂಪಾಯಿಗಿಂತ ಹಂದಿರೂಪಾಯಿಗೇ ಗಿರಾಕಿ ಹೆಚ್ಚು.

ಕೆಲವು ಉಪಸೂತ್ರಗಳು. ಗದ್ದೆಯಲ್ಲಿ ಕುಡಿಕೆ ತುಂಬ ನಾಣ್ಯ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸತಕ್ಕದ್ದು. ಆ ಬಗೆಯ ನಾಣ್ಯ ಮೊದಲೇ ಕೊಂಡಿಟ್ಟವನಿಗೆ ಆ ಸುದ್ದಿ ತಿಳಿಸದಿರುವುದು ಕರುಣೆ. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲವಾದ್ದರಿಂದ ಕ್ಯಾಲಿಫೋರ್ನಿಯಾದ ಕನ್ನಡಿಗನ ಬಯಕೆ ಇಲ್ಲಿನ ಲೆಕ್ಕಕ್ಕೆ ಬರದು. ತಾಮ್ರದ ನಾಣ್ಯವನ್ನು ಹುಣಸೆಹಣ್ಣಿನಲ್ಲಿ ಫಳಫಳ ತಿಕ್ಕಿದರೆ ಅಜ್ಜಿಗೆ ತೃಪ್ತಿ, ಸಂಗ್ರಾಹಕನಿಗೆ ಸೂತಕ, ಏಕೆಂದರೆ ಅವನು ದುಡ್ಡು ಕೊಡುವುದು ಶತಮಾನಗಳ ಕಿಲುಬಿಗೂ ಸೇರಿಸಿ. ಕೊನೆಯದಾಗಿ, ಮುಚ್ಚಿಹೋದ ಟಂಕಸಾಲೆಯಿಂದ ಪೂರೈಕೆ ಹೆಚ್ಚುವುದಿಲ್ಲವೆಂಬುದು ಪುಸ್ತಕದ ಮಾತು. ಬೇಡಿಕೆ ಸಾಕಷ್ಟು ಏರಲಿ, ಹನ್ನೆರಡನೇ ಶತಮಾನ ಇವತ್ತಿಗೂ ರಾತ್ರಿ ಪಾಳಿಯಲ್ಲಿ ಕೆಲಸ ಮಾಡುತ್ತದೆ.

ವೈಷ್ಣೋದೇವಿಯ ಚಿತ್ರವಿರುವ 2012ರ ಐದು ರೂಪಾಯಿಗೆ ಲಕ್ಷಗಟ್ಟಲೆ ಬರುತ್ತದೆಂದು ಬೆಂಚಿನ ಮೇಲೆ ಆಗಾಗ ವಾದವೇಳುತ್ತದೆ. ಲಕ್ಷ ಕೇಳುವವರನ್ನು ನಾವು ಬಹಳ ಮಂದಿಯನ್ನು ಕಂಡಿದ್ದೇವೆ. ಕೊಡುವವನು ಇನ್ನೂ ಯಾವ ರೈಲಿನಿಂದಲೂ ಇಳಿದಿಲ್ಲ. ‘ಮೊದಲು ನೋಂದಣಿ ಶುಲ್ಕ ಕಟ್ಟಿ’ ಎಂದು ಫೋನು ಬಂದರೆ ಬೇಡಿಕೆ ಇರುವುದು ನಾಣ್ಯಕ್ಕಲ್ಲ, ನಿಮಗೆ. ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲಿ ತನ್ನ ಹೆಸರಿನಲ್ಲೇ ಇಂಥ ವಂಚನೆ ನಡೆಯುತ್ತಿದೆ ಎಂದು ಎಚ್ಚರಿಸಿತ್ತು. ಅದೇ ಬ್ಯಾಂಕು 2018ರಲ್ಲಿ, ಹತ್ತು ರೂಪಾಯಿ ನಾಣ್ಯದ 14 ವಿನ್ಯಾಸಗಳೂ ಚಲಾವಣೆಗೆ ಯೋಗ್ಯ ಎಂದು ಸಾರಿ ಹೇಳಿದ ಮೇಲೂ ಅದನ್ನು ಕಂಡರೆ ಮುಖ ತಿರುಗಿಸುವ ಅಂಗಡಿಗಳು ಉಳಿದವು. ಸರ್ಕಾರವೇ ಬೆಲೆ ಬರೆದುಕೊಟ್ಟರೂ ಬಯಸುವವನಿಲ್ಲದೆ ನಡೆಯದು ಎಂಬುದಕ್ಕೆ ಇದಕ್ಕಿಂತ ಪ್ರಮಾಣ ಬೇಕಿಲ್ಲ.

ಈ ಪ್ರಬಂಧದ ಪ್ರತಿ ಬೇಕಾದವರು ಹತ್ತು ರೂಪಾಯಿ ಕಳಿಸತಕ್ಕದ್ದು. ನೋಟಿನಲ್ಲಿ ಮಾತ್ರ. ನಾಣ್ಯ ಸ್ವೀಕರಿಸಲಾಗುವುದಿಲ್ಲ.